ಲಕ್ಕಮ್ಮನ ಅಕ್ಕಿಯೂ ಹೆಣ್ಣುಮಕ್ಕಳ ಬಡ್ತಿಯೂ

ಕಾಯಕತತ್ತ್ವದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ವೀರಶೈವ ಸದ್ಭಕ್ತರು ಮೇಲಿಂದ ಮೇಲೆ ಕೇಳಿ ಬಲ್ಲ ಮಾತಾಗಿದೆ. ಶರಣಸಮೂಹದಲ್ಲಿ ನೂಲು ತೆಗೆದವಳು ಕದಿರ ರೆಮ್ಮವ್ವೆ. ಭತ್ತ ಕುಟ್ಟಿದವಳು ಕೊಟ್ಟಣದ ಸೋಮಮ್ಮ. ಅಂಗಳ ಗುಡಿಸಿದವಳು ಸತ್ಯಕ್ಕ. ಇವರಲ್ಲಿ ಕೆಲವರ ಹೆಸರಿನ ಮುಂದೆ ತಂದೆಯ ಹೆಸರಾಗಲಿ ಗಂಡನ ಹೆಸರಾಗಲಿ ಇಲ್ಲ. ಅವರು ಹಿಡಿದ ಕಾಯಕದ ಹೆಸರಿದೆ. ವಚನದ ಕಟ್ಟುಗಳಲ್ಲಿ ಇನ್ನು ಕೆಲವು ಶರಣೆಯರು ಇಂಥವರ ಪುಣ್ಯಸ್ತ್ರೀ ಎಂದೇ ಗುರುತಿಸಲ್ಪಟ್ಟಿದ್ದಾರೆಂಬುದನ್ನೂ ಮರೆಮಾಚಬೇಕಾದುದಿಲ್ಲ. ಆದರೂ ದುಡಿಮೆಯಿಂದಲೇ ಹೆಣ್ಣಿಗೆ ಹೆಸರು ಬಂದ ಕಾಲವೊಂದು ಈ ನಾಡಿನಲ್ಲಿ ಇದ್ದಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಇಷ್ಟನ್ನು ಮಠದ ಅಂಗಳದಲ್ಲಿ ಕುಳಿತು ಕೇಳುವಾಗ ತಲೆದೂಗದವರಿಲ್ಲ. ಮನೆಯ ಮಗಳೋ ಸೊಸೆಯೋ ಬಡ್ತಿಯ ಆಜ್ಞೆಯನ್ನು ಕೈಯಲ್ಲಿ ಹಿಡಿದು ಬಂದ ಸಾಯಂಕಾಲ ಮಾತ್ರ ಆ ತಲೆದೂಗುವಿಕೆ ನಿಂತುಹೋಗುತ್ತದೆ. ಬಡ್ತಿಯೊಡನೆ ಪರಸ್ಥಳಕ್ಕೆ ವರ್ಗವಿರುತ್ತದೆ. ವರ್ಗವಿಲ್ಲದಿದ್ದರೆ ಹೊತ್ತು ಮೀರಿದ ಕೆಲಸವಿರುತ್ತದೆ. ಆಗ ಹಿರಿಯರು, "ಇರುವುದು ಸಾಲದೇನವ್ವ? ಗಂಡನ ಸಂಬಳವಿದೆ, ಊರಲ್ಲಿ ಹೊಲವಿದೆ. ಆಸೆಗೊಂದು ಮಿತಿ ಬೇಡವೇ? ಆಯ್ದಕ್ಕಿ ಲಕ್ಕಮ್ಮ ಕಟ್ಟಿಕೊಂಡ ಗಂಡನಿಗೇ ಆಸೆ ಸಲ್ಲದೆಂದು ಬುದ್ಧಿ ಹೇಳಲಿಲ್ಲವೇ?" ಎನ್ನುವುದುಂಟು. ಈ ಮಾತಿನಲ್ಲಿ ಅಕ್ಕರೆಯಿಲ್ಲವೆಂದಲ್ಲ. ಆದರೆ ಲಕ್ಕಮ್ಮನನ್ನು ಸಾಕ್ಷಿಗೆ ಕರೆದ ಮೇಲೆ ಅವಳ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳುವುದೇ ನ್ಯಾಯ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಮಾರಯ್ಯ ಲಕ್ಕಮ್ಮರೆಂಬ ದಂಪತಿಗಳು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮದಾಸೋಹಕ್ಕೆ ಸಲ್ಲಿಸುವುದು ಲಕ್ಕಮ್ಮನ ಕಾಯಕ. ಒಮ್ಮೆ ಮಾರಯ್ಯ ಅನುಭವಗೋಷ್ಠಿಯ ಸವಿಯಲ್ಲಿ ಮೈಮರೆತು ಕುಳಿತುಬಿಟ್ಟನು. ಹೊತ್ತೇರಿತು, ಅಕ್ಕಿ ಬರಲಿಲ್ಲ. ಆಗ ಗಂಡನಿದ್ದೆಡೆಗೆ ಹೋಗಿ, ಕಾಯಕದ ವೇಳೆ ಮೀರಿತೆಂದು ಎಚ್ಚರಿಸಿ ಎಬ್ಬಿಸಿ ಕಳುಹಿದವಳು ಲಕ್ಕಮ್ಮ. ಇದು ಕಥೆಯ ಮೊದಲ ಭಾಗ. ಆಸೆಯ ಪ್ರಸಂಗವನ್ನು ಹೇಳುವವರು ಈ ಭಾಗವನ್ನು ಬಿಟ್ಟೇ ಹೇಳುವುದು ವಾಡಿಕೆಯಾಗಿದೆ.

ಎರಡನೆಯ ಭಾಗದಲ್ಲಿ ಬಸವಣ್ಣನವರು ಈ ದಂಪತಿಗಳ ನಿಷ್ಠೆಯನ್ನು ನೋಡಬೇಕೆಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಚೆಲ್ಲಿಸಿದರು. ಮಾರಯ್ಯ ಅದನ್ನೆಲ್ಲ ಕಟ್ಟಿಕೊಂಡು ಮನೆಗೆ ಬಂದನು. ಲಕ್ಕಮ್ಮ ಗಂಟನ್ನು ನೋಡಿದೊಡನೆ ನಿತ್ಯದ ಅಳತೆ ಮೀರಿದುದನ್ನು ಕಂಡುಕೊಂಡಳು. ಇದು ನಮ್ಮ ದುಡಿಮೆಯ ಅಕ್ಕಿಯಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆಸೆ ಅರಸುಗಳಿಗಿರಲಿ, ಶಿವಭಕ್ತರಿಗೆ ಅದು ತಕ್ಕುದಲ್ಲವೆಂಬ ಅರ್ಥದ ಅವಳ ಉಪದೇಶ ಹುಟ್ಟಿದುದು ಈ ಸಂದರ್ಭದಲ್ಲಿ. ಮಾರಯ್ಯ ಮರುಮಾತಾಡದೆ ಹಿಂದಿರುಗಿ ಹೋಗಿ ಸುರಿದು ಬಂದನು.

ಇಲ್ಲಿ ಲಕ್ಕಮ್ಮ ನಿರಾಕರಿಸಿದುದು ಯಾವುದನ್ನು? ಹೆಚ್ಚಿನ ದುಡಿಮೆಯನ್ನಲ್ಲ. ದುಡಿಮೆಯಿಲ್ಲದೆ ಬಂದ ಹೆಚ್ಚಿಗೆಯನ್ನು. ಗಂಡ ಕಾಯಕದಲ್ಲಿ ಹಿಂದೆ ಬಿದ್ದಾಗ ಮುಂದಕ್ಕೆ ತಳ್ಳಿದವಳೂ ಅವಳೇ, ಪಡೆಯುವುದರಲ್ಲಿ ಮುಂದೆ ಹೋದಾಗ ಹಿಂದಕ್ಕೆ ಕರೆದವಳೂ ಅವಳೇ. ಆಯ್ದ ಕಾಳು ಆಯ್ದವನದು. ಯಾರದೋ ಕೃಪೆಯಿಂದ ಚೆಲ್ಲಿದ ಕಾಳು ಆಯ್ದರೂ ತನ್ನದಲ್ಲ. ಆಸೆಗೆ ಶರಣರು ಇಟ್ಟ ಒರೆಗಲ್ಲು ಇದು. ಹಾಗಾದರೆ ಹತ್ತು ವರ್ಷ ಬ್ಯಾಂಕಿನಲ್ಲಿ ತಪ್ಪಿಲ್ಲದೆ ಲೆಕ್ಕ ನೋಡಿದ ಹೆಣ್ಣುಮಗಳು ಇಲಾಖೆಯ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ ಶಾಖೆಯ ಮುಖ್ಯಸ್ಥಳಾಗಲು ಬಯಸಿದರೆ, ಅದು ಚೆಲ್ಲಿದ ಅಕ್ಕಿಯೋ ಆಯ್ದ ಅಕ್ಕಿಯೋ? ಇದಕ್ಕೆ ಉತ್ತರ ಹೇಳಲು ಶಾಸ್ತ್ರಪಾಂಡಿತ್ಯ ಬೇಕಿಲ್ಲ.

ಇನ್ನೊಂದು ಮಾತನ್ನೂ ವಿವೇಚಿಸಬೇಕು. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಸೇರಿ, ಲೆಕ್ಕದಲ್ಲಿ ತೋರಿದ ಜಾಣ್ಮೆಯಿಂದ ಮೇಲೇರಿ, ಕಡೆಗೆ ಬಿಜ್ಜಳನ ಭಂಡಾರವನ್ನೇ ನಿರ್ವಹಿಸಿದರೆಂದು ಕಾವ್ಯಪುರಾಣಗಳು ಹೇಳುತ್ತವೆ. ಒಂದು ಹುದ್ದೆಯಿಂದ ಅದಕ್ಕಿಂತ ದೊಡ್ಡ ಹುದ್ದೆಗೆ ಹೋದುದನ್ನು ಆಸೆಯೆಂದು ಯಾವ ಪುರಾಣಿಕನೂ ವರ್ಣಿಸಿಲ್ಲ. ಭಂಡಾರ ಕೈಗೆ ಬಂದುದರಿಂದ ದಾಸೋಹ ಬೆಳೆಯಿತು, ಅನುಭವಮಂಟಪ ನಿಂತಿತು ಎಂದೇ ಹೇಳುತ್ತಾರೆ. ಗಂಡುಮಗ ಮೇಲೇರಿದರೆ ಮನೆತನಕ್ಕೆ ಕೀರ್ತಿ, ಹೆಣ್ಣುಮಗಳು ಮೇಲೇರಿದರೆ ಆಸೆಬುರುಕತನ ಎಂಬ ಎರಡು ತಕ್ಕಡಿಗಳನ್ನು ಒಂದೇ ಅಂಗಡಿಯಲ್ಲಿ ಇಟ್ಟುಕೊಂಡು ವ್ಯಾಪಾರ ಮಾಡುವುದು ಶರಣಮಾರ್ಗವಲ್ಲ. ದೇಹದ ಕುರುಹುಗಳಿಂದ ಹೆಣ್ಣೆಂದೂ ಗಂಡೆಂದೂ ಕರೆದರೂ ಒಳಗಿನ ಚೇತನಕ್ಕೆ ಆ ಭೇದ ಅಂಟದೆಂದು ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಸಾರಿದುದನ್ನು ಒಪ್ಪಿದವರಿಗೆ ಒಂದೇ ತಕ್ಕಡಿ ಸಾಕು.

ಮೇಲೇರುವ ದಾರಿಯಲ್ಲಿ ಹೆಣ್ಣಿಗೆ ಅಡ್ಡ ನಿಂತವರು ಮನೆಯವರು ಮಾತ್ರವಲ್ಲ. ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳೂ ಸರಕಾರಗಳೂ ಅಡ್ಡ ನಿಂತ ಚರಿತ್ರೆಯುಂಟು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಅರ್ಜಿದಾರರು ಹೆಣ್ಣೆಂಬ ಕಾರಣದಿಂದ ಪ್ರವೇಶ ನಿರಾಕರಿಸಲ್ಪಟ್ಟಿತು. ಆಕೆ ಬೆಂಗಳೂರಿಗೇ ಬಂದು, ಕಾರಣ ಕೇಳಿ, ಸತ್ಯಾಗ್ರಹದ ಮಾರ್ಗ ಹಿಡಿದ ಮೇಲೆ ಪ್ರವೇಶ ದೊರೆಯಿತು. ಅದೂ ಷರತ್ತಿನ ಮೇಲೆ. ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಅವರ ಇರುವಿಕೆಯಿಂದ ಗಂಡಸರ ಕೆಲಸಕ್ಕೆ ಭಂಗ ಬರಬಾರದು! ವರ್ಷ ಕಳೆಯಿತು, ಕೆಲಸ ಮೆಚ್ಚುಗೆಯಾಯಿತು, ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾಗಿ, ನೀರಾದಂಥ ಬಡವರ ಆಹಾರಪಾನೀಯಗಳ ಪೌಷ್ಟಿಕತೆಯನ್ನು ಶೋಧಿಸಿದರು. ತಾಳೆಯ ರಸದಿಂದ ಅಪೌಷ್ಟಿಕತೆಯ ಮಕ್ಕಳಿಗೆ ಪ್ರಯೋಜನವಾಗುವ ಬಗೆಯನ್ನು ಕಂಡುಹಿಡಿದ ಆ ವಿದ್ಯೆಯನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು? ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದ್ದರೆ ನಷ್ಟ ಆಕೆಗಷ್ಟೇ ಆಗುತ್ತಿರಲಿಲ್ಲ.

ಕನ್ನಡನಾಡಿನವರೇ ಆದ ಸಿ. ಬಿ. ಮುತ್ತಮ್ಮನವರ ವೃತ್ತಾಂತ ಇನ್ನೂ ಬೋಧಪ್ರದವಾದುದು. ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಇವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಕೆಲಸಕ್ಕೆ ಸೇರುವಾಗಲೇ ಬರೆದುಕೊಡಬೇಕಾಯಿತು. ಗಂಡಸರಿಗೆ ಅಂಥ ಮುಚ್ಚಳಿಕೆಯಿರಲಿಲ್ಲ. ಅವರಿಗೆ ಮದುವೆ ಅನುಕೂಲವೆಂದೇ ಎಣಿಕೆ. 1970ರಲ್ಲಿ ಮುತ್ತಮ್ಮನವರು ಹಂಗೇರಿಗೆ ರಾಯಭಾರಿಯಾಗಿ ಹೋದರು. ಇಷ್ಟಾಗಿಯೂ ಮೇಲಿನ ದರ್ಜೆಯ ಬಡ್ತಿಯನ್ನು ತಪ್ಪಿಸಲಾಯಿತು. ಆಕೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರಕಾರ ಬಡ್ತಿ ಕೊಟ್ಟುಬಿಟ್ಟಿತು. ಆದುದರಿಂದ 1979ರಲ್ಲಿ ಅರ್ಜಿ ವಜಾ ಆಯಿತಾದರೂ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಖಂಡಿಸದೆ ಬಿಡಲಿಲ್ಲ. ಸಂಸಾರದ ಹೊಣೆ ಹೆಣ್ಣಿನ ಕರ್ತವ್ಯಕ್ಕೆ ತೊಡಕಾಗುವುದಾದರೆ ಗಂಡಿನ ಕರ್ತವ್ಯಕ್ಕೆ ಏಕೆ ಆಗದೆಂಬುದು ಅವರ ವಿಚಾರಸರಣಿಯಾಗಿತ್ತು. ಮುತ್ತಮ್ಮನವರು ಕೇಳಿದುದು ಬೇರೆಯವರ ಅಕ್ಕಿಯನ್ನಲ್ಲ. ಮೂವತ್ತು ವರ್ಷಗಳಲ್ಲಿ ತಾನು ಆಯ್ದುದನ್ನು ತನ್ನ ಸೇರಿನಿಂದಲೇ ಅಳೆಯಿರಿ ಎಂದರು.

ಕೆಲಸಕ್ಕೆ ಬಂದ ಹೆಣ್ಣನ್ನು ಪ್ರಶ್ನಿಸುವ ವಿಷಯ ಬಂದಾಗ ಅಕ್ಕಮಹಾದೇವಿಯ ನೆನಪಾಗುವುದು ಸಹಜ. ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು: ಆಕೆ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಕೇಳಿದ ಪ್ರಶ್ನೆಗಳು ಮೃದುವಾದವುಗಳಲ್ಲ. ನಿನ್ನ ಗಂಡ ಯಾರೆಂಬುದರಿಂದಲೇ ಪ್ರಶ್ನೆ ಮೊದಲಾಯಿತು. ಇಂದಿಗೂ ಸಂದರ್ಶನದ ಕೊಠಡಿಯಲ್ಲಿ ಹೆಣ್ಣಿಗೆ ಮೊದಲು ಬರುವ ಪ್ರಶ್ನೆ ಬಹುಮಟ್ಟಿಗೆ ಅದೇ: ಮದುವೆಯಾಗಿದೆಯೇ, ಮಕ್ಕಳು ಯಾವಾಗ, ಮನೆಯವರು ಒಪ್ಪಿದ್ದಾರೆಯೇ. ಆದರೆ ಭೇದವಿದೆ. ಪ್ರಭುದೇವರು ಕೇಳಿದುದು ಅಕ್ಕನ ನಿಲವನ್ನು ಲೋಕಕ್ಕೆ ತೋರಿಸಲು. ಉತ್ತರ ಬಂದೊಡನೆ ಒಪ್ಪಿದರು, ನೆರೆದ ಶರಣರೆಲ್ಲರೂ ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಅಕ್ಕನೆಂದರು. ಕಚೇರಿಯ ಪ್ರಶ್ನೆಗೆ ಎಂಥ ಉತ್ತರ ಕೊಟ್ಟರೂ ಅದು ಮುಗಿಯುವುದಿಲ್ಲ. ಮದುವೆಯಾಗಿಲ್ಲವೆಂದರೆ ಆಗಿ ಬಿಟ್ಟುಹೋಗುವಳೆಂದೂ, ಆಗಿದೆಯೆಂದರೆ ಹೆರಿಗೆಗೆ ಹೋಗುವಳೆಂದೂ, ಮಕ್ಕಳಿದ್ದಾರೆಂದರೆ ಹೊತ್ತಿಗೆ ಮುಂಚೆ ಮನೆಗೆ ಓಡುವಳೆಂದೂ ಬರೆದುಕೊಳ್ಳುವ ಲೇಖನಿ ಮೊದಲೇ ಸಿದ್ಧವಾಗಿರುತ್ತದೆ. ಹೆರಿಗೆಯ ರಜೆಯನ್ನು 1961ರ ಶಾಸನ ಹನ್ನೆರಡು ವಾರಗಳೆಂದು ನಿಶ್ಚಯಿಸಿತ್ತು. 2017ರ ತಿದ್ದುಪಡಿಯಿಂದ ಅದು ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಐವತ್ತು ಮಂದಿ ಅಥವಾ ಅದಕ್ಕೆ ಮೇಲ್ಪಟ್ಟು ದುಡಿಯುವೆಡೆಯಲ್ಲಿ ಶಿಶುಪಾಲನೆಯ ಏರ್ಪಾಡೂ ಇರಬೇಕೆಂದಾಯಿತು. ಆ ರಜೆಯ ಸಂಬಳವನ್ನು ಮಾಲೀಕನೇ ಹೊರಬೇಕಾದುದರಿಂದ, ಹೆಂಗಸರನ್ನು ಸೇರಿಸಿಕೊಳ್ಳದಿರುವುದೇ ಲಾಭವೆಂದು ಲೆಕ್ಕ ಹಾಕುವ ಮಾಲೀಕರಿಲ್ಲದಿಲ್ಲ. ಅವರಲ್ಲಿ ಹಣೆತುಂಬ ವಿಭೂತಿ ಧರಿಸಿದವರೂ ಉಂಟು.

ಬಡ್ತಿಯ ಮಾತು ಅಧಿಕಾರಿಣಿಯರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಬಾರದು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಅವರ ಬೆನ್ನ ಹಿಂದೆ ನಿಂತು ಗಂಟೆಗೆ ಇಷ್ಟು ತುಂಡೆಂದು ಟಾರ್ಗೆಟ್ ಎಣಿಸುವ ಸೂಪರ್‌ವೈಸರುಗಳಲ್ಲಿ ಬಹುಪಾಲು ಗಂಡಸರು. ಒಬ್ಬಳು ತೋಳು ಹೊಲಿದರೆ ಮತ್ತೊಬ್ಬಳು ಕಾಲರು, ಇನ್ನೊಬ್ಬಳು ಗುಂಡಿ. ಹೀಗೆ ಹತ್ತು ವರ್ಷ ಕಾಲರನ್ನೇ ಹೊಲಿದವಳಿಗೆ ಇಡೀ ಅಂಗಿಯನ್ನು ಕತ್ತರಿಸಿ ಹೊಲಿದು ಮುಗಿಸುವ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ. ರೆಮ್ಮವ್ವೆಗೆ ತನ್ನ ಕದಿರಿನ ಮೇಲೆ ಇದ್ದ ಒಡೆತನ ಈ ಹೆಣ್ಣುಮಗಳಿಗೆ ತನ್ನ ಯಂತ್ರದ ಮೇಲಿಲ್ಲ. ನೀರಡಿಕೆಗೂ ಬಹಿರ್ದೆಸೆಗೂ ಏಳಬೇಕಾದರೆ ಅನುಮತಿ ಬೇಕಾಗುತ್ತದೆ.

2016ರ ಏಪ್ರಿಲ್ ತಿಂಗಳಲ್ಲಿ ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದುದನ್ನು ನಾಡು ಕಂಡಿತು. ಭವಿಷ್ಯನಿಧಿಯಲ್ಲಿ ಮಾಲೀಕನು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮವನ್ನು ಕೇಂದ್ರ ಸರಕಾರ ತಂದಿತ್ತು. ಮಗಳ ಮದುವೆ, ಗಂಡನ ಕಾಯಿಲೆ, ಮಗನ ಶಾಲೆಯ ಶುಲ್ಕ, ಇವೆಲ್ಲಕ್ಕೂ ಆ ನಿಧಿಯೊಂದೇ ಆಸರೆಯಾಗಿದ್ದವರಿಗೆ ಈ ಸುದ್ದಿ ಸಿಡಿಲಿನಂತಾಯಿತು. ನಾಯಕರು ಕರೆಯದೆಯೇ ಹೊಸೂರು ರಸ್ತೆ ತುಂಬಿತು. ನಡುವೆ ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿದ್ದಿತು. ಅದನ್ನು ಯಾವ ಸದ್ಭಕ್ತನೂ ಮೆಚ್ಚಲಾರನು. ಆದರೆ ಏಪ್ರಿಲ್ 19ರಂದು ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಆಗಲೂ ಕೆಲವರು, ಹೆಂಗಸರಿಗೆ ಹಣದಾಸೆ ಹೆಚ್ಚಾಯಿತೆಂದರು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿದಳು, ನಿಜ. ನಿತ್ಯದ ಅಕ್ಕಿಯನ್ನೇ ಯಾರಾದರೂ ಕಣಜಕ್ಕೆ ಹಾಕಿ ಬೀಗ ಜಡಿದಿದ್ದರೆ ಅವಳು ಸುಮ್ಮನಿರುತ್ತಿದ್ದಳೇ? ಅಂದಿನ ದಾಸೋಹ ನಡೆಯಬೇಕಾದುದು ಆ ಅಕ್ಕಿಯಿಂದಲೇ ಅಲ್ಲವೇ?

ಈಗ ಮನೆಯೊಳಗಿನ ಲೆಕ್ಕವನ್ನೂ ನೋಡಬೇಕು. 2019ರಲ್ಲಿ ಕೇಂದ್ರ ಸರಕಾರದ ಅಂಕಿಅಂಶ ಇಲಾಖೆ ಜನರ ದಿನಚರಿಯನ್ನು ಅಳೆಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕಳೆಯುವಳೆಂದೂ, ತೊಡಗುವ ಗಂಡಸು 97 ನಿಮಿಷಗಳನ್ನು ಕಳೆಯುವನೆಂದೂ ತಿಳಿದುಬಂದಿತು. ತೊಡಗುವವರು ನೂರಕ್ಕೆ ಹೆಂಗಸರಲ್ಲಿ 81 ಮಂದಿ, ಗಂಡಸರಲ್ಲಿ 26 ಮಂದಿ. ಐದು ಗಂಟೆಗಳ ಈ ದುಡಿಮೆಯ ಮೇಲೆ ಕಚೇರಿಯ ಎಂಟು ಗಂಟೆ, ಬಸ್ಸಿನ ಎರಡು ಗಂಟೆ. ಉಳಿದುದೆಷ್ಟೆಂಬುದನ್ನು ಗೃಹಸ್ಥರು ತಾವೇ ಕಳೆದು ನೋಡಿಕೊಳ್ಳಲಿ.

ಈ ಲೆಕ್ಕದಲ್ಲಿ ಮೊದಲು ಕರಗಿಹೋಗುವುದು ನಿದ್ರೆ, ಎರಡನೆಯದು ಪೂಜೆ. ಇದನ್ನು ಮಠಗಳು ಗಮನಿಸದಿರುವುದು ಆಶ್ಚರ್ಯ. ಹೆಣ್ಣಿನ ಕೊರಳಿನಲ್ಲಿಯೂ ಇಷ್ಟಲಿಂಗವನ್ನು ಕಟ್ಟಿ, ಗಂಡನ ಮೂಲಕವಲ್ಲದೆ ನೇರವಾಗಿ ಲಿಂಗದೊಡನೆ ಅವಳಿಗೆ ಸಂಬಂಧವನ್ನು ಕೊಟ್ಟುದು ಈ ಧರ್ಮದ ಹೆಗ್ಗಳಿಕೆ. ರಜಸ್ಸೂತಕವನ್ನೂ ಅಲ್ಲಗಳೆದು ಪೂಜೆಗೆ ಯಾವ ದಿನವೂ ಅಡ್ಡಿಯಿಲ್ಲವೆಂದುದು ಅದಕ್ಕಿಂತ ದೊಡ್ಡ ಹೆಗ್ಗಳಿಕೆ. ಆದರೆ ಬೆಳಗಿನ ಹೊತ್ತು ಗಂಡ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅರ್ಧಗಂಟೆ ಕಣ್ಣು ನೆಟ್ಟು ಕುಳಿತಿರುವಾಗ, ಹೆಂಡತಿ ಒಂದು ಒಲೆಯ ಮೇಲೆ ಹಾಲನ್ನೂ ಇನ್ನೊಂದರ ಮೇಲೆ ಉಪ್ಪಿಟ್ಟನ್ನೂ ನೋಡಿಕೊಂಡು, ಮಕ್ಕಳ ಬುತ್ತಿ ಕಟ್ಟಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ಓಡುತ್ತಾಳೆ. ಸೂತಕ ತಡೆಯದ ಪೂಜೆಯನ್ನು ಒಲೆ ತಡೆಯಿತು. ಇಲ್ಲಿ ಗಂಡನ ಭಕ್ತಿ ಯಾರ ಹೊತ್ತಿನಿಂದ ಕಡ ತಂದುದೆಂದು ಕೇಳಿಕೊಳ್ಳಬೇಕಾಗುತ್ತದೆ. ಮಾರಯ್ಯ ಗೋಷ್ಠಿಯಲ್ಲಿ ಮೈಮರೆತಾಗ ಲಕ್ಕಮ್ಮ ಅವನನ್ನು ಎಬ್ಬಿಸಿ ಕಳುಹಿದುದೂ ಇದೇ ಕಾರಣಕ್ಕೆ: ಶಿವಾನುಭವವೇ ಆದರೂ ತನ್ನ ಪಾಲಿನ ಕೆಲಸವನ್ನು ಬಿಟ್ಟು ಅದರಲ್ಲಿ ಕುಳಿತಿರುವಂತಿಲ್ಲ.

ಬಡ್ತಿ ಬಯಸುವ ಹೆಣ್ಣುಮಕ್ಕಳಿಗೂ ಲಕ್ಕಮ್ಮನ ಒರೆಗಲ್ಲು ಅನ್ವಯಿಸದೆ ಬಿಡುವುದಿಲ್ಲ. ಲಂಚಕ್ಕೆ ಕೈಯೊಡ್ಡೆನೆಂದು ಸತ್ಯಕ್ಕ ಮಾಡಿದ ಪ್ರತಿಜ್ಞೆ ಅಂಗಳ ಗುಡಿಸುವವಳಿಗೆ ಮಾತ್ರವಲ್ಲ, ಕಡತಕ್ಕೆ ರುಜು ಹಾಕುವವಳಿಗೂ ಸಲ್ಲುತ್ತದೆ. ತಾನು ಮೇಲೇರುವಾಗ ಕಷ್ಟಪಟ್ಟೆನೆಂದು ಕೈಕೆಳಗಿನ ಹುಡುಗಿಯ ರಜೆಯನ್ನು ತಡೆಹಿಡಿಯುವ ಮೇಲಧಿಕಾರಿಣಿ, ತಾನು ಅತ್ತೆಯಿಂದ ಪಟ್ಟುದನ್ನು ಸೊಸೆಗೆ ತೀರಿಸುವ ಅತ್ತೆಗಿಂತ ಭಿನ್ನಳಲ್ಲ. ಮತ್ತೊಂದು ಸೂಕ್ಷ್ಮವುಂಟು. ಈ ಕಾಲದ ಕೆಲವು ದೊಡ್ಡ ಕಂಪನಿಗಳು ರಾತ್ರಿ ಹನ್ನೊಂದಕ್ಕೂ ದೂರವಾಣಿಗೆ ಉತ್ತರ ಕೊಡುವವನನ್ನೇ ನಿಷ್ಠಾವಂತನೆಂದು ಕರೆದು ಬಡ್ತಿ ಕೊಡುತ್ತವೆ. ಹಾಗೆ ಉತ್ತರ ಕೊಡಲು ಶಕ್ತನಾದ ಗಂಡಸಿನ ಮನೆಯಲ್ಲಿ ಮಗುವನ್ನು ಮಲಗಿಸುವವಳು ಬೇರೊಬ್ಬಳಿರುತ್ತಾಳೆ. ಕಾಯಕಕ್ಕೆ ಅಳತೆಯುಂಟು; ಅಳತೆ ಮೀರಿದ ಅಕ್ಕಿ ಹೇಗೆ ಕಾಯಕದ್ದಲ್ಲವೋ ಅಳತೆ ಮೀರಿದ ಹೊತ್ತೂ ಕಾಯಕದ್ದಲ್ಲ. ಅಂಥ ಕಡೆ ಹೆಣ್ಣು ಕೇಳಬೇಕಾದುದು ಗಂಡಸಿನಷ್ಟೇ ದಣಿಯುವ ಹಕ್ಕನ್ನಲ್ಲ. ಇಬ್ಬರಿಗೂ ಸೂರ್ಯಾಸ್ತದ ಮೇಲೆ ಮನೆ ಸೇರುವ ಹಕ್ಕನ್ನು.

ಇನ್ನುಳಿದುದು ಬಾಯಿಬಿಟ್ಟು ಹೇಳಲು ಹಿರಿಯರು ಸಂಕೋಚಪಡುವ ವಿಷಯ. ದುಡಿಯುವ ಹೆಣ್ಣಿನ ಮಾನದ ವಿಷಯ. 1992ರಲ್ಲಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ, ಬಾಲ್ಯವಿವಾಹವನ್ನು ತಡೆಯುವುದು ತನ್ನ ಕೆಲಸವೆಂದು ನಂಬಿ ನಡೆದ ಸರಕಾರಿ ಕಾರ್ಯಕರ್ತೆಯೊಬ್ಬಳು ಆ ಕಾರಣಕ್ಕಾಗಿಯೇ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದಳು. ಅವಳ ಕಾಯಕವೇ ಅವಳಿಗೆ ಮುಳುವಾಯಿತು. ಆ ಪ್ರಕರಣದ ಹಿನ್ನೆಲೆಯಲ್ಲಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಶಾಖಾ ತೀರ್ಪಿನಲ್ಲಿ ಮಾರ್ಗಸೂತ್ರಗಳನ್ನು ಕೊಟ್ಟಿತು. ಹದಿನಾರು ವರ್ಷಗಳ ತರುವಾಯ, 2013ರಲ್ಲಿ, ಶಾಸನವಾಯಿತು. ಅದರಂತೆ ಹತ್ತು ಮಂದಿ ಅಥವಾ ಅದಕ್ಕೆ ಮೇಲ್ಪಟ್ಟು ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ದೂರನ್ನು ಕೇಳುವ ಸಮಿತಿಯಿರಬೇಕು, ಅಧ್ಯಕ್ಷತೆ ಹಿರಿಯ ಮಹಿಳೆಯದಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹೆಂಗಸರಿರಬೇಕು, ಹೊರಗಿನವರೊಬ್ಬರೂ ಇರಬೇಕು. ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರ ಸಂಘ ಯಾವುದಕ್ಕೂ ವಿನಾಯಿತಿಯಿಲ್ಲ. ಭಕ್ತರೂ ಮಠಗಳೂ ನಡೆಸುವ ಸಂಸ್ಥೆಗಳೂ ಇದರೊಳಗೇ ಬರುತ್ತವೆ. ಆಡಳಿತ ಮಂಡಲಿಯ ಸಭೆಗಳಲ್ಲಿ ಕಟ್ಟಡದ ನಕ್ಷೆಯನ್ನು ಮೂರು ಸಲ ಓದುವ ಮಹನೀಯರು ಈ ಸಮಿತಿಯ ಸದಸ್ಯರ ಹೆಸರುಗಳು ಗೋಡೆಯ ಮೇಲೆ ಇವೆಯೇ ಎಂದು ಒಮ್ಮೆಯಾದರೂ ನೋಡಬೇಕು.

ಮನೆಯ ಹಿರಿಯರಿಗೂ ಇಲ್ಲಿ ಪಾಲಿದೆ. ಮಗಳು ಕಚೇರಿಯಲ್ಲಿ ಆದ ಅವಮಾನವನ್ನು ಹೇಳಿಕೊಂಡರೆ, "ಬಿಟ್ಟುಬಿಡು ಆ ಕೆಲಸ, ಮರ್ಯಾದೆ ದೊಡ್ಡದು" ಎನ್ನುವುದು ಸುಲಭ. ತಪ್ಪು ಮಾಡಿದವನು ಕುರ್ಚಿಯಲ್ಲಿಯೇ ಇರುತ್ತಾನೆ. ಕಾಯಕವನ್ನು ಕಳೆದುಕೊಂಡವಳು ಮಗಳು. ಇದನ್ನು ತಿಳಿದ ಹೆಣ್ಣುಮಕ್ಕಳು ಮನೆಯಲ್ಲಿ ಹೇಳುವುದನ್ನೇ ಬಿಡುತ್ತಾರೆ. ಘಟನೆಯಾದ ದಿನದಿಂದ ಮೂರು ತಿಂಗಳೊಳಗೆ ದೂರನ್ನು ಬರೆದುಕೊಡಬೇಕೆಂದು ಶಾಸನ ವಿಧಿಸಿದೆ. ತಕ್ಕ ಕಾರಣವಿದ್ದರೆ ಸಮಿತಿ ಮತ್ತೆ ಮೂರು ತಿಂಗಳ ಅವಕಾಶ ಕೊಡಬಹುದು. ಬೀಗರು ಏನೆಂದಾರೆಂದು ಸೋದರಮಾವನನ್ನೂ ದೊಡ್ಡಪ್ಪನನ್ನೂ ಕೂರಿಸಿಕೊಂಡು ಮನೆಯವರು ಆಲೋಚಿಸುತ್ತಿರುವಾಗ ಕಳೆಯುವ ದಿನಗಳೂ ಆ ಮೂರು ತಿಂಗಳ ಲೆಕ್ಕಕ್ಕೇ ಸೇರುತ್ತವೆ.